ನಿದ್ದೆ ಕಮ್ಮಿಯಾದ ದಿನವೇ ಬಾಯಾರಿಕೆ ಜಾಸ್ತಿ, ಯಾಕೆ?

ಮುಂಜಾವು
ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಎಂಟು ಗಂಟೆ ಚೆನ್ನಾಗಿ ಮಲಗಿ ಎದ್ದರೆ ನನಗೆ ಬಾಯಾರಿಕೆ ಅಷ್ಟಾಗಿ ಕಾಡುವುದಿಲ್ಲ. ಒಂದು ಲೋಟ ನೀರು ಕುಡಿದರೆ ಮುಗಿಯಿತು. ಅದೇ ಕೆಲಸ ಜಾಸ್ತಿಯಾಗಿ ಐದು ಗಂಟೆ ಮಲಗಿ ಎದ್ದ ದಿನ ಬೆಳಗ್ಗೆಯಿಂದ ಸಂಜೆವರೆಗೂ ನೀರು ಕುಡಿಯುತ್ತಲೇ ಇರುತ್ತೇನೆ. ಎಷ್ಟು ಕುಡಿದರೂ ಗಂಟಲು ಒಣಗಿದ ಹಾಗೇ ಇರುತ್ತದೆ.

ನನ್ನ ಲೆಕ್ಕದಲ್ಲಿ ಇದು ಉಲ್ಟಾ ಆಗಬೇಕಿತ್ತು. ಎಂಟು ಗಂಟೆ ಹನಿ ನೀರಿಲ್ಲದೆ ಇದ್ದ ದೇಹಕ್ಕೆ ತಾನೇ ಜಾಸ್ತಿ ದಾಹ ಆಗಬೇಕು? ಐದು ಗಂಟೆಗೆ ಕಮ್ಮಿ ಅಲ್ವಾ? ನಿಮಗೂ ಹೀಗೆ ಆಗುತ್ತದೆಯೇ? ಇದಕ್ಕೆ ನಿಜವಾಗಿ ಏನಾದರೂ ಕಾರಣ ಇದೆಯೇ?

ತಂಬಿಗೆ
ನೀವು ನೀರು ಕಮ್ಮಿ ಕುಡಿಯುತ್ತೀರಿ, ಅಷ್ಟೇ. ಮಲಗುವ ಮುಂಚೆ ಒಂದು ಲೀಟರ್ ಕುಡಿದು ಮಲಗಿ. ಎಲ್ಲ ಸರಿಹೋಗುತ್ತದೆ.

ರಾತ್ರಿಪಾಳಿ
ಒಂದು ಲೀಟರ್ ಕುಡಿದು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು ಗುರು? ರಾತ್ರಿಯಿಡೀ ಟಾಯ್ಲೆಟ್‌ಗೆ ಓಡಾಡುವುದೇ ಆಗುತ್ತದೆ. ಇರುವ ಐದು ಗಂಟೆಯೂ ಮೂರಕ್ಕೆ ಇಳಿಯುತ್ತದೆ.

ಮುಂಜಾವು ಅವರೇ, ನನಗೂ ಹಾಗೇ. ಪಾಳಿ ಮುಗಿಸಿ ಬಂದು ಹಗಲು ಮಲಗುತ್ತೇನೆ. ಬೆಳಕು, ಸದ್ದು ಎಂದು ನಾಲ್ಕೈದು ಗಂಟೆಗೆ ಎಚ್ಚರವಾಗಿಬಿಡುತ್ತದೆ. ಎದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ, ತುಟಿ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ರಜೆಯಲ್ಲಿ ರಾತ್ರಿ ಪೂರ್ತಿ ಮಲಗಿದರೆ ಇದು ಯಾವುದೂ ಇಲ್ಲ. ನೀರು ಕುಡಿಯುವುದರಲ್ಲಿ ಎರಡು ದಿನಕ್ಕೂ ಅಂಥ ವ್ಯತ್ಯಾಸ ಇರುವುದಿಲ್ಲ.

ಜೀವಕೋಶ
ಒಳ್ಳೆ ಪ್ರಶ್ನೆ. ಶರೀರಶಾಸ್ತ್ರ ಓದುತ್ತಿದ್ದೇನೆ, ತಿಳಿದಷ್ಟು ಹೇಳುತ್ತೇನೆ.

"ಎಂಟು ಗಂಟೆ ನೀರಿಲ್ಲದೆ" ಎನ್ನುವ ಲೆಕ್ಕದಲ್ಲೇ ಒಂದು ತೊಡಕಿದೆ. ನೀರು ಖರ್ಚಾಗುವುದು ಮಲಗಿದಾಗ ಮಾತ್ರ ಅಲ್ಲ. ಉಸಿರಿನಲ್ಲಿ, ಚರ್ಮದ ಮೂಲಕ ನಮಗೆ ಗೊತ್ತೇ ಆಗದ ಹಾಗೆ ದಿನಕ್ಕೆ ಸುಮಾರು 700ರಿಂದ 800 ಮಿಲಿಲೀಟರ್ ಹೋಗುತ್ತದೆ. ಎಚ್ಚರ ಇದ್ದರೂ ಹೋಗುತ್ತದೆ, ಮಾತಾಡುತ್ತಾ ಓಡಾಡುತ್ತಾ ಇದ್ದರೆ ಇನ್ನೂ ಜಾಸ್ತಿ. ಇದರ ಮೇಲೆ ಮೂತ್ರದ ಲೆಕ್ಕ ಬೇರೆ. ನಿಜ ಹೇಳಬೇಕೆಂದರೆ ದೇಹ ನೀರನ್ನು ಕೈಬಿಗಿ ಹಿಡಿದು ಖರ್ಚು ಮಾಡುವ ಹೊತ್ತೇ ನಿದ್ದೆ.

ಅದು ಹೇಗೆ ಅಂದರೆ, ಮೆದುಳಿನ ಹೈಪೋಥಲಾಮಸ್‌ನಲ್ಲಿ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ತಯಾರಾಗುತ್ತದೆ. ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುತ್ತದೆ. ಮೂತ್ರಕ್ಕೆ ಹೋಗಬೇಕಾದ ನೀರನ್ನು ವಾಪಸ್ ಎಳೆದುಕೊಳ್ಳಿ ಎಂದು ಕಿಡ್ನಿಗೆ ಹೇಳುವುದೇ ಇದರ ಕೆಲಸ. ರಾತ್ರಿ ಆರೇಳು ಗಂಟೆ ಏಳದೆ ಮಲಗಲು ಆಗುವುದು, ಬೆಳಗಿನ ಮೊದಲ ಮೂತ್ರ ಗಾಢ ಹಳದಿ ಇರುವುದು ಎರಡಕ್ಕೂ ಮುಖ್ಯ ಕಾರಣ ಇದೇ. ಇದರ ಬಿಡುಗಡೆ ನಿದ್ದೆಯ ಕೊನೆ ಭಾಗದಲ್ಲಿ ಜಾಸ್ತಿ ಆಗುತ್ತದೆ. ಬೇಗ ಎದ್ದವರಿಗೆ ಆ ಕೊನೆ ಭಾಗವೇ ಸಿಗುವುದಿಲ್ಲ.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರ ಅಧ್ಯಯನ ಒಂದಿದೆ, 2018ರ ನವೆಂಬರ್‌ನಲ್ಲಿ ಬಂದದ್ದು. ಅಮೆರಿಕ ಮತ್ತು ಚೀನಾದ 20,000ಕ್ಕೂ ಹೆಚ್ಚು ವಯಸ್ಕರ ಮಾಹಿತಿ ನೋಡಿದರು. ಎಂಟು ಗಂಟೆ ಮಲಗುವವರಿಗೆ ಹೋಲಿಸಿದರೆ ಆರು ಗಂಟೆ ಮಲಗುವವರ ದೇಹದಲ್ಲಿ ನೀರು ಸಾಲದೆ ಇರುವ ಸಂಭವ 16ರಿಂದ 59 ಶೇಕಡಾ ಜಾಸ್ತಿ ಕಂಡಿತು. ವ್ಯಾಸೊಪ್ರೆಸಿನ್ ಕಾರಣ ಇರಬಹುದು ಎಂದು ಅವರೂ ಹೇಳುತ್ತಾರೆ.

ಮುಂಜಾವು
ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ! ಮಲಗಿದಾಗ ದೇಹ ನೀರು ಉಳಿಸುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹಾಗಾದರೆ ಕಮ್ಮಿ ಮಲಗಿದ ದಿನ ಜಾಸ್ತಿ ನೀರು ಕುಡಿದರೆ ಸರಿಹೋಗುತ್ತದೆ ಅಲ್ವಾ?

ಸಂಶಯಪ್ರಾಣಿ
ಸ್ವಲ್ಪ ತಡೆಯಿರಿ. ಆ ಅಧ್ಯಯನವನ್ನು ನಾನೂ ಓದಿದ್ದೇನೆ. ಅದರಿಂದ ಇಷ್ಟು ದೂರ ಹೋಗಲು ಆಗುವುದಿಲ್ಲ.

ಅವರು ಅಳೆದದ್ದು ಬಾಯಾರಿಕೆಯನ್ನಲ್ಲ, ಮೂತ್ರದ ಸಾಂದ್ರತೆಯನ್ನು. ವಿಶಿಷ್ಟ ಗುರುತ್ವ (ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಭಾರ ಎನ್ನುವ ಲೆಕ್ಕ) 1.020 ದಾಟಿದರೆ ನೀರು ಸಾಲದು ಎಂದು ಲೆಕ್ಕ ಹಿಡಿದರು. ಮೂತ್ರ ಗಟ್ಟಿಯಾದವರಿಗೆಲ್ಲ ದಾಹ ಆಗಿತ್ತು ಎಂದು ಎಲ್ಲೂ ಇಲ್ಲ. ಇನ್ನು ಎಷ್ಟು ಗಂಟೆ ಮಲಗುತ್ತೀರಿ ಎನ್ನುವುದು ಜನ ತಾವಾಗಿಯೇ ಹೇಳಿದ ಉತ್ತರ, ಯಂತ್ರ ಕಟ್ಟಿ ಅಳೆದದ್ದಲ್ಲ. ಆರು ಗಂಟೆ ಎಂದು ಹೇಳಿದವರು ಐದೇ ಗಂಟೆ ಮಲಗಿರಬಹುದು, ಏಳೂ ಮಲಗಿರಬಹುದು.

ಎಲ್ಲಕ್ಕಿಂತ ಮುಖ್ಯ, ಯಾವುದು ಕಾರಣ ಯಾವುದು ಪರಿಣಾಮ ಎಂದು ಇಂಥ ಅಧ್ಯಯನ ಹೇಳಲಾರದು. ಕಮ್ಮಿ ಮಲಗುವವರು ಕೆಲಸದ ಒತ್ತಡದಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತಿರಬಹುದು. ಕಾಯಿಲೆ ಇದ್ದು ನಿದ್ದೆಯೂ ಕೆಟ್ಟಿರಬಹುದು, ನೀರಿನ ಲೆಕ್ಕವೂ ತಪ್ಪಿರಬಹುದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಹಾಗೆ ಆಗಬಾರದು.

ಜೀವಕೋಶ
ಸಂಶಯಪ್ರಾಣಿ ಅವರೇ, ಆ ಅಧ್ಯಯನದ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಒಂಬತ್ತು ಗಂಟೆ, ಅದಕ್ಕಿಂತ ಜಾಸ್ತಿ ಮಲಗುವವರಲ್ಲಿ ಸ್ಪಷ್ಟ ಸಂಬಂಧ ಸಿಗಲಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ.

ಆದರೆ ನಿದ್ದೆಯನ್ನೇ ತಪ್ಪಿಸಿ ನೋಡಿದ ಪ್ರಯೋಗಗಳೂ ಇವೆ. ಡೆನ್ಮಾರ್ಕ್‌ನ ತಂಡವೊಂದು 2010ರಲ್ಲಿ ಪ್ರಕಟಿಸಿದ್ದು ಅಂಥದ್ದು. ಆರೋಗ್ಯವಂತರನ್ನು ಒಂದು ರಾತ್ರಿ ಮಲಗಲು ಬಿಟ್ಟು, ಇನ್ನೊಂದು ರಾತ್ರಿ ಎಚ್ಚರ ಇರಿಸಿ ಎರಡನ್ನೂ ಹೋಲಿಸಿದರು. ಎಚ್ಚರ ಇದ್ದ ರಾತ್ರಿ ಮೂತ್ರವೂ ಜಾಸ್ತಿ, ಅದರ ಜೊತೆ ಹೋದ ಸೋಡಿಯಂ ಕೂಡ ಜಾಸ್ತಿ. ಮಲಗಿದಾಗ ರಕ್ತದೊತ್ತಡ ಸ್ವಲ್ಪ ಇಳಿಯಬೇಕು. ಎಚ್ಚರ ಇದ್ದರೆ ಅದು ಇಳಿಯುವುದಿಲ್ಲ, ಕಿಡ್ನಿ ಹಗಲಿನ ಹಾಗೇ ಕೆಲಸ ಮಾಡುತ್ತಾ ಹೋಗುತ್ತದೆ. ಇಲ್ಲಿ ಯಾವುದು ಮೊದಲು ಎನ್ನುವ ಗೊಂದಲ ಇಲ್ಲ. ನಿದ್ದೆ ತೆಗೆದರು, ನೀರು ಹೋಯಿತು.

ಸಂಶಯಪ್ರಾಣಿ
ಅದು ಪೂರ್ತಿ ರಾತ್ರಿ ನಿದ್ದೆಗೆಟ್ಟವರ ಕಥೆ. ಐದು ಗಂಟೆ ಮಲಗಿದವರಿಗೂ ಹಾಗೇ ಆಗುತ್ತದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಸಾಧ್ಯತೆ ಇದೆ ಅಂದರೆ ಒಪ್ಪುತ್ತೇನೆ. ಖಚಿತ ಅಂದರೆ ಇಲ್ಲ.

ಎಚ್ಚರಿಕೆಗಂಟೆ
ಎಲ್ಲರೂ ಹಾರ್ಮೋನ್ ಬಗ್ಗೆ ಮಾತಾಡುತ್ತಿದ್ದೀರಿ. ಕಾಫಿ, ಟೀ ಬಗ್ಗೆ ಯಾಕೆ ಯಾರೂ ಕೇಳುತ್ತಿಲ್ಲ? ನಿದ್ದೆ ಕಮ್ಮಿಯಾದ ದಿನ ನಾವು ಮಾಡುವ ಮೊದಲ ಕೆಲಸವೇ ಎರಡು ಲೋಟ ಕಾಫಿ ಜಾಸ್ತಿ ಕುಡಿಯುವುದು. ಮಧ್ಯಾಹ್ನ ತೂಕಡಿಕೆ ಬಂತು, ಮತ್ತೆ ಟೀ. ಅದರ ಜೊತೆ ಬಾಯಿ ಚಪಲಕ್ಕೆ ಉಪ್ಪಿನ ಕುರುಕಲು. ಸಂಜೆಗೆ ಬಾಯಾರಿಕೆ ಆಗದೆ ಇನ್ನೇನು?

ಜೀವಕೋಶ
ಉಪ್ಪಿನ ಮಾತು ಸರಿ. ರಕ್ತದ ಗಾಢತೆ ಶೇಕಡಾ 1ರಿಂದ 2ರಷ್ಟು ಏರಿದರೂ ಸಾಕು, ಮೆದುಳು ದಾಹದ ಸೂಚನೆ ಕೊಡುತ್ತದೆ. ಉಪ್ಪು ಅದನ್ನು ನೇರವಾಗಿ ಏರಿಸುತ್ತದೆ.

ಕಾಫಿಯ ಮೇಲೆ ಅಷ್ಟು ಆರೋಪ ಬೇಡ. ದಿನಾ ಕುಡಿಯುವವರಿಗೆ ಒಂದೆರಡು ಲೋಟದಿಂದ ನೀರು ಅಂಥದ್ದೇನೂ ಹೋಗುವುದಿಲ್ಲ. ಕಾಫಿಯಲ್ಲಿ ಇರುವುದೂ ಬಹುಪಾಲು ನೀರೇ. ಅದು ಕೆಡಿಸುವುದು ಮುಂದಿನ ರಾತ್ರಿಯನ್ನು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಇರುತ್ತದೆ. ಮತ್ತೆ ನಿದ್ದೆ ಕಮ್ಮಿ, ಮತ್ತೆ ಬೆಳಗ್ಗೆ ಕಾಫಿ.

ಓಟಗಾರ
ಮದ್ಯದ ವಿಷಯ ಬೇರೆ. ಅದು ವ್ಯಾಸೊಪ್ರೆಸಿನ್ ಅನ್ನೇ ತಡೆಯುತ್ತದೆ. ಕುಡಿದ ರಾತ್ರಿ ನಿದ್ದೆಯೂ ತುಂಡು ತುಂಡು, ಬೆಳಗ್ಗೆ ದಾಹವೂ ವಿಪರೀತ.

ಹಲ್ಲಿನಡಾಕ್ಟರು
ಇಲ್ಲಿ ಎರಡು ಬೇರೆ ವಿಷಯ ಒಂದಾಗಿಬಿಟ್ಟಿವೆ. ಬಾಯಿ ಒಣಗುವುದು ಬೇರೆ, ಬಾಯಾರಿಕೆ ಬೇರೆ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

ನಮಗೆ ದಿನಕ್ಕೆ ಅರ್ಧ ಲೀಟರ್‌ನಿಂದ ಒಂದೂವರೆ ಲೀಟರ್ ತನಕ ಜೊಲ್ಲು ಬರುತ್ತದೆ. ಗಾಢ ನಿದ್ದೆಯಲ್ಲಿ ಅದು ಬಹುತೇಕ ನಿಂತೇಹೋಗುತ್ತದೆ. ಆಗ ಬಾಯಿ ತೆರೆದು ಉಸಿರಾಡಿದರೆ ಇದ್ದ ತೇವವೂ ಆರುತ್ತದೆ. ರಾತ್ರಿಪಾಳಿ ಅವರು ಹೇಳಿದ ಅಂಟಿದ ನಾಲಿಗೆ, ತುಟಿ ಅಂಚಿನ ಬಿಳಿ ಪೊರೆ, ಇವು ನೀರಿನ ಕೊರತೆಗಿಂತ ಜಾಸ್ತಿ ಬಾಯಿ ಉಸಿರಿನ ಗುರುತು. ಮೂಗು ಕಟ್ಟಿದೆಯಾ, ಗೊರಕೆ ಇದೆಯಾ ನೋಡಿಕೊಳ್ಳಿ. ಏಸಿ ಅಥವಾ ಹೀಟರ್ ಇರುವ ಕೋಣೆಯ ಒಣ ಗಾಳಿಯೂ ಹೀಗೆ ಮಾಡುತ್ತದೆ.

ಮಾತ್ರೆಗಳನ್ನೂ ಮರೆಯಬೇಡಿ. ಶೀತ, ಅಲರ್ಜಿಗೆ ಕೊಡುವ ಹಳೆ ಬಗೆಯ ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ನಿದ್ದೆ ಬರಲಿ ಎಂದು ಅಲರ್ಜಿ ಮಾತ್ರೆ ನುಂಗುವವರೂ ಇದ್ದಾರೆ. ಅವರಿಗೆ ಬೆಳಗ್ಗೆ ಬಾಯಿ ಒಣಗದೆ ಇರುತ್ತದೆಯೇ?

ಎದ್ದ ತಕ್ಷಣ ಬಾಯಿ ಮುಕ್ಕಳಿಸಿ ಉಗಿಯಿರಿ, ನುಂಗಬೇಡಿ. ಅಷ್ಟಕ್ಕೇ ಹಾಯೆನಿಸಿದರೆ ಅದು ಹೆಚ್ಚಾಗಿ ಒಣಬಾಯಿ. ಆಮೇಲೂ ನೀರು ಬೇಕೇ ಬೇಕು ಅನಿಸಿದರೆ ದಾಹ.

ಸಂಶಯಪ್ರಾಣಿ
ಡಾಕ್ಟರೇ, ಮುಕ್ಕಳಿಸಿ ನೋಡುವುದು ಅಷ್ಟು ನಂಬುವ ಹಾಗಿಲ್ಲ. ನೀರು ಕುಡಿದ ಒಂದೇ ನಿಮಿಷದಲ್ಲಿ ದಾಹ ಇಳಿಯುತ್ತದೆ ಅಲ್ವಾ? ಆ ನೀರು ಕರುಳಿನಿಂದ ರಕ್ತಕ್ಕೆ ಪೂರ್ತಿ ಸೇರಲು ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಕು. ಅಂದರೆ ಬಾಯಿ, ಗಂಟಲಿನಿಂದ ಬರುವ ಸೂಚನೆ ನಂಬಿ ಮೆದುಳು ಮುಂಚೆಯೇ ದಾಹ ಇಳಿಸುತ್ತದೆ. ನಿಜವಾದ ದಾಹ ಇದ್ದವರಿಗೂ ಬಾಯಿ ಒದ್ದೆಯಾದರೆ ಸ್ವಲ್ಪ ಹೊತ್ತು ಹಾಯೆನಿಸಬಹುದು.

ಹಲ್ಲಿನಡಾಕ್ಟರು
ಆ ಮಾತು ಸರಿ, ಅದಕ್ಕೇ ಕಾಲು ಗಂಟೆ ಕಾಯಬೇಕು ಎಂದು ನಾನು ರೋಗಿಗಳಿಗೆ ಹೇಳುವುದು. ದಾಹ ಇದ್ದರೆ ಅಷ್ಟರಲ್ಲಿ ವಾಪಸ್ ಬರುತ್ತದೆ. ಇದು ಮನೆಯಲ್ಲಿ ಮಾಡಿಕೊಳ್ಳುವ ಅಂದಾಜು, ಪರೀಕ್ಷೆ ಅಲ್ಲ.

ಮಾಸ್ಕ್‌ಧಾರಿ
ಮೇಲಿನ ಗೊರಕೆಯ ಮಾತು ಓದಿ ಬರೆಯಲೇಬೇಕು ಅನಿಸಿತು. ಕೆಲವು ವರ್ಷ ನಾನು ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದ್ದೆ, ಎದ್ದೆದ್ದು ಮೂತ್ರಕ್ಕೂ ಹೋಗುತ್ತಿದ್ದೆ. ನೀರು ಕುಡಿಯುವುದಕ್ಕೇ ಮೂತ್ರ ಬರುತ್ತಿದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಸಂಜೆಯಿಂದಲೇ ನೀರು ಬಿಟ್ಟರೂ ಏಳುವುದು ತಪ್ಪಲಿಲ್ಲ. ಎಂಟು ಗಂಟೆ ಹಾಸಿಗೆಯಲ್ಲಿ ಇದ್ದರೂ ಹಗಲಿಡೀ ತೂಕಡಿಕೆ.

ಕೊನೆಗೆ ಒಂದು ರಾತ್ರಿ ಮೈಗೆಲ್ಲ ತಂತಿ ಅಂಟಿಸಿಕೊಂಡು ನಿದ್ದೆ ಪರೀಕ್ಷೆ ಮಾಡಿಸಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಸ್ಲೀಪ್ ಆಪ್ನಿಯ. ಡಾಕ್ಟರು ವಿವರಿಸಿದ್ದು ಹೀಗೆ. ಗಂಟಲು ಮುಚ್ಚಿಕೊಂಡಾಗ ನಾವು ಉಸಿರೆಳೆಯಲು ಒದ್ದಾಡುತ್ತೇವೆ. ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ರಕ್ತ ಜಾಸ್ತಿ ಇದೆ ಎಂದು ಹೃದಯ ತಪ್ಪಾಗಿ ತಿಳಿದು ಒಂದು ಹಾರ್ಮೋನ್ ಬಿಡುತ್ತದೆ. ಅದು ಕಿಡ್ನಿಗೆ ನೀರು, ಉಪ್ಪು ಹೊರಗೆ ಹಾಕಲು ಹೇಳುತ್ತದೆ. ಅತ್ತ ಮೂತ್ರ ಜಾಸ್ತಿ, ಇತ್ತ ಬಾಯಿ ಉಸಿರಿನಿಂದ ಗಂಟಲು ಒಣ.

ಈಗ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತೇನೆ, ಗಂಟಲು ಮುಚ್ಚದ ಹಾಗೆ ಅದು ಮಾಸ್ಕ್ ಮೂಲಕ ಗಾಳಿ ಒತ್ತುತ್ತಿರುತ್ತದೆ. ರಾತ್ರಿ ಏಳುವುದು ಬಹುತೇಕ ನಿಂತಿದೆ. ಶುರುವಿನಲ್ಲಿ ಮಾಸ್ಕ್ ಸೋರಿ ಬಾಯಿ ಇನ್ನೂ ಜಾಸ್ತಿ ಒಣಗುತ್ತಿತ್ತು. ಮಾಸ್ಕ್ ಅಳತೆ ಬದಲಾಯಿಸಿ, ಯಂತ್ರದ ನೀರಿನ ಡಬ್ಬಿಯ ತೇವಾಂಶ ಸ್ವಲ್ಪ ಏರಿಸಿದ ಮೇಲೆ ಸರಿಹೋಯಿತು.

ಹಾಗಾಗಿ ಎಷ್ಟು ಗಂಟೆ ಮಲಗಿದಿರಿ ಎಂದು ಮಾತ್ರ ಲೆಕ್ಕ ಹಾಕಬೇಡಿ. ಹೇಗೆ ಮಲಗಿದಿರಿ ಎನ್ನುವುದು ಅಷ್ಟೇ ಮುಖ್ಯ.

ರಾತ್ರಿಪಾಳಿ
ಅಣ್ಣಾ, ಇದನ್ನು ಓದಿ ಎದೆ ಧಸಕ್ ಎಂದಿತು. ನಾನೂ ಗೊರಕೆ ಹೊಡೆಯುತ್ತೇನೆ ಎಂದು ಮನೆಯಲ್ಲಿ ಹೇಳುತ್ತಲೇ ಇದ್ದಾರೆ.

ಮಾಸ್ಕ್‌ಧಾರಿ
ತೋರಿಸಿಬಿಡಿ ತಮ್ಮಾ, ತಡ ಮಾಡಬೇಡಿ. ಗೊರಕೆ ಮಧ್ಯದಲ್ಲಿ ನಿಂತು, ಆಮೇಲೆ ಗಕ್ ಎಂದು ಉಸಿರೆಳೆಯುತ್ತೀರಾ ಎಂದು ಮನೆಯವರನ್ನು ಕೇಳಿ. ನನ್ನ ಡಾಕ್ಟರು ಮೊದಲು ಕೇಳಿದ್ದೇ ಅದನ್ನು.

ತಂಬಿಗೆ
ಇಷ್ಟೆಲ್ಲ ಚರ್ಚೆ ಯಾಕೆ? ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ. ಅದನ್ನು ಪಾಲಿಸಿದವರಿಗೆ ನಿದ್ದೆ ಕಮ್ಮಿಯಾದರೂ ಏನೂ ಆಗುವುದಿಲ್ಲ. ನಾನು ಅದಕ್ಕಿಂತ ಜಾಸ್ತಿಯೇ ಕುಡಿಯುತ್ತೇನೆ, ಆರಾಮಾಗಿದ್ದೇನೆ.

ಪುಸ್ತಕದಹುಳು
ಎಂಟು ಲೋಟದ ನಿಯಮಕ್ಕೆ ಗಟ್ಟಿ ಆಧಾರ ಇಲ್ಲ. ಅಮೆರಿಕದ ಕಿಡ್ನಿ ತಜ್ಞ ಹೈನ್ಸ್ ವಾಲ್ಟಿನ್ ಇದರ ಮೂಲ ಹುಡುಕಿಕೊಂಡು ಹೋಗಿ 2002ರಲ್ಲಿ ಬರೆದರು. ಆರೋಗ್ಯವಂತರೆಲ್ಲ ಅಷ್ಟು ಕುಡಿಯಲೇಬೇಕು ಎನ್ನುವುದಕ್ಕೆ ವೈಜ್ಞಾನಿಕ ಪುರಾವೆ ಅವರಿಗೆ ಸಿಗಲಿಲ್ಲ. 1945ರಲ್ಲಿ ಅಲ್ಲಿನ ಆಹಾರ ಮತ್ತು ಪೋಷಣೆ ಮಂಡಳಿ ದಿನಕ್ಕೆ ಎರಡೂವರೆ ಲೀಟರ್ ಎಂದಿತ್ತು. ಅದರಲ್ಲಿ ಬಹುಪಾಲು ಊಟದಲ್ಲೇ ಸಿಗುತ್ತದೆ ಎಂದೂ ಅದೇ ಜಾಗದಲ್ಲಿ ಬರೆದಿತ್ತು. ಆ ಎರಡನೇ ವಾಕ್ಯವನ್ನು ಜನ ಬಿಟ್ಟುಬಿಟ್ಟರು.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಹೇಳಿದ್ದು ಹೆಂಗಸರಿಗೆ ದಿನಕ್ಕೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಅದೂ ಊಟದಲ್ಲಿನ ನೀರು, ಕಾಫಿ, ಟೀ, ಹಾಲು ಎಲ್ಲ ಸೇರಿ.

ತಂಬಿಗೆ
ಜಾಸ್ತಿ ಕುಡಿದರೆ ನಷ್ಟ ಏನು? ಬೇಡವಾದದ್ದು ಹೊರಗೆ ಹೋಗುತ್ತದೆ.

ಓಟಗಾರ
ನಷ್ಟ ಇದೆ. ದೂರದ ಓಟಗಳಲ್ಲಿ ಕಣ್ಣಾರೆ ನೋಡಿದ್ದೇನೆ. ದಾಹ ಇಲ್ಲದಿದ್ದರೂ ದಾರಿಯಲ್ಲಿ ನೀರು ಇಟ್ಟ ಪ್ರತಿ ಮೇಜಿನ ಹತ್ತಿರ ನಿಂತು ಕುಡಿದವರು ತಲೆ ಸುತ್ತಿ, ವಾಂತಿ ಮಾಡಿಕೊಂಡು ಕುಸಿದಿದ್ದಾರೆ. ರಕ್ತದಲ್ಲಿ ಸೋಡಿಯಂ 135ರಿಂದ 145ರ ಒಳಗೆ ಇರಬೇಕು. ನೀರು ವಿಪರೀತ ಆದರೆ ಅದು ತೆಳುವಾಗಿ ಕೆಳಗೆ ಇಳಿಯುತ್ತದೆ. ಜೀವಕ್ಕೇ ಅಪಾಯ ಆಗಬಹುದು. ಮಲಗುವ ಮುಂಚೆ ಒಂದು ಲೀಟರ್ ಕುಡಿಯಿರಿ ಎಂದು ಎಲ್ಲರಿಗೂ ಹೇಳಬೇಡಿ ದಯವಿಟ್ಟು. ಇಲ್ಲಿ ಹೃದಯ, ಕಿಡ್ನಿ ತೊಂದರೆ ಇರುವವರೂ ಓದುತ್ತಿರುತ್ತಾರೆ.

ನಿವೃತ್ತಮೇಷ್ಟ್ರು
ನನ್ನ ಕಷ್ಟ ಇದಕ್ಕೆ ಉಲ್ಟಾ. ವಯಸ್ಸು ಎಪ್ಪತ್ತು ದಾಟಿತು. ನಿದ್ದೆ ಐದು ಗಂಟೆಗೆ ಇಳಿದಿದೆ, ಬಾಯಾರಿಕೆ ಅಂತೂ ಆಗುವುದೇ ಇಲ್ಲ. ಮಗಳು ಲೋಟ ತಂದಿಟ್ಟು ಬೈದರೆ ಕುಡಿಯುತ್ತೇನೆ. ಆದರೂ ರಾತ್ರಿ ಎರಡು ಮೂರು ಸಲ ಏಳಬೇಕು. ಕುಡಿಯದೆ ಇರುವ ನೀರು ಎಲ್ಲಿಂದ ಬರುತ್ತದೆ?

ಜೀವಕೋಶ
ಮೇಷ್ಟ್ರೇ, ವಯಸ್ಸಾದ ಹಾಗೆ ದಾಹದ ಸೂಚನೆಯೇ ಮಂಕಾಗುತ್ತದೆ. ದೇಹಕ್ಕೆ ನೀರು ಬೇಕಿದ್ದರೂ ಬೇಕು ಅನಿಸುವುದಿಲ್ಲ. ರಾತ್ರಿ ವ್ಯಾಸೊಪ್ರೆಸಿನ್ ಏರುವುದೂ ಎಷ್ಟೋ ಹಿರಿಯರಲ್ಲಿ ಕಮ್ಮಿಯಾಗುತ್ತದೆ. ಇನ್ನು ಹಗಲಿಡೀ ಕಾಲು ಕೆಳಗೆ ಬಿಟ್ಟು ಕೂತರೆ ಕಾಲಿನಲ್ಲಿ ನೀರು ಸೇರಿಕೊಳ್ಳುತ್ತದೆ. ಮಲಗಿದಾಗ ಅದು ರಕ್ತಕ್ಕೆ ವಾಪಸ್ ಬಂದು ಮೂತ್ರವಾಗುತ್ತದೆ. ಸಂಜೆ ಕಾಲುಚೀಲದ ಗೆರೆ ಚರ್ಮದಲ್ಲಿ ಆಳವಾಗಿ ಉಳಿಯುತ್ತದೆಯೇ, ನೋಡಿಕೊಳ್ಳಿ. ಹಾಗಿದ್ದರೆ ಮಧ್ಯಾಹ್ನದ ನಂತರ ಸ್ವಲ್ಪ ಹೊತ್ತು ಕಾಲು ಎತ್ತರಕ್ಕೆ ಇಟ್ಟುಕೊಂಡು ಮಲಗಿ. ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವುದು) ತೆಗೆದುಕೊಳ್ಳುತ್ತಿದ್ದರೆ ಯಾವ ಹೊತ್ತಿಗೆ ನುಂಗಬೇಕು ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ಬದಲಾಯಿಸಬೇಡಿ.

ಬಾಯಾರಿಕೆಗೆ ಕಾಯದೆ ಹಗಲು ಹೊತ್ತಿನಲ್ಲೇ ಸ್ವಲ್ಪ ಸ್ವಲ್ಪ ಕುಡಿಯಿರಿ. ನಿಮ್ಮ ಮಗಳು ಹೇಳುವುದು ಸರಿ.

ನಿವೃತ್ತಮೇಷ್ಟ್ರು
ಕಾಲುಚೀಲದ ಗೆರೆ ಇದೆ ಕಣಮ್ಮಾ. ಆಳವಾಗಿಯೇ ಇದೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವುದಿದೆ, ಹೇಳುತ್ತೇನೆ.

ಎರಡುಮಕ್ಕಳಮ್ಮ
ನನ್ನದು ಬೇರೆ ಪ್ರಶ್ನೆ. ಚಿಕ್ಕ ಮಗ ಹಗಲೆಲ್ಲ ನೀರು ಮುಟ್ಟುವುದಿಲ್ಲ. ದೀಪ ಆರಿಸಿದ ತಕ್ಷಣ "ಅಮ್ಮಾ ನೀರು" ಶುರು. ಮಲಗುವುದನ್ನು ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಾನೆ ಎಂದು ಮನೆಯಲ್ಲಿ ಎಲ್ಲರ ತೀರ್ಮಾನ. ಮಲಗುವ ಹೊತ್ತಿಗೆ ನಿಜವಾಗಿಯೂ ದಾಹ ಆಗುತ್ತದೆಯೇ?

ಜೀವಕೋಶ
ಅಕ್ಕಾ, ಆಗಬಹುದು! ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಸಂಶೋಧನೆಯೇ ಇದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಬೋರ್ಕ್ ಅವರ ತಂಡ ಇಲಿಗಳ ಮೇಲೆ ಮಾಡಿದ್ದು, 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಇಲಿಗಳು ಮಲಗುವ ಮುಂಚಿನ ಎರಡು ಗಂಟೆಯಲ್ಲಿ ಜಾಸ್ತಿ ನೀರು ಕುಡಿಯುತ್ತವೆ. ಆ ಹೊತ್ತಿನಲ್ಲಿ ಅವುಗಳ ದೇಹಕ್ಕೆ ನೀರಿನ ಕೊರತೆ ಇರುವುದಿಲ್ಲ. ಮುಂದೆ ಬರುವ ನಿದ್ದೆಗೆ ಎಂದು ಕುಡಿದಿಟ್ಟುಕೊಳ್ಳುತ್ತವೆ. ಆ ಎರಡು ಗಂಟೆ ಹೆಚ್ಚಿನ ನೀರು ಕೊಡದೆ ತಡೆದಾಗ, ನಿದ್ದೆ ಮುಗಿಯುವ ಹೊತ್ತಿಗೆ ಅವುಗಳ ದೇಹದಲ್ಲಿ ನೀರು ಸಾಲದಾಗಿತ್ತು.

ಇದನ್ನು ಮಾಡಿಸುವುದು ಮೆದುಳಿನ ಗಡಿಯಾರ. ಹಗಲು ರಾತ್ರಿಯ ಲೆಕ್ಕ ಇಡುವ ಜೀವಕೋಶಗಳು ಅಲ್ಲಿ ವ್ಯಾಸೊಪ್ರೆಸಿನ್ ಅನ್ನೇ ಸಂದೇಶವಾಗಿ ಬಿಟ್ಟು, ದಾಹ ಹುಟ್ಟಿಸುವ ಕೋಶಗಳನ್ನು ಎಬ್ಬಿಸುತ್ತವೆ. ಕಿಡ್ನಿಗೆ ನೀರು ಉಳಿಸು ಎನ್ನುವ ಹಾರ್ಮೋನ್ ಮೆದುಳಿನೊಳಗೆ ನೀರು ಕುಡಿ ಎಂದೂ ಹೇಳುತ್ತದೆ. ಎಷ್ಟು ಚೆಂದ ಅಲ್ವಾ?

ಸಂಶಯಪ್ರಾಣಿ
ಚೆಂದ ಇದೆ. ಇಲಿಗಳಲ್ಲಿ ಚೆಂದ ಇದೆ. ಮನುಷ್ಯರಲ್ಲೂ ಹೀಗೇ ಎಂದು ಅಷ್ಟೇ ಗಟ್ಟಿಯಾಗಿ ತೋರಿಸಿದ ಮೇಲೆ ಮಗುವಿನ ಮಾತಿಗೆ ಬರೋಣ. ಹಗಲೆಲ್ಲ ನೀರು ಮುಟ್ಟದ ಮಗುವಿಗೆ ರಾತ್ರಿ ದಾಹ ಆಗಲು ಗಡಿಯಾರವೇ ಬೇಕಿಲ್ಲ.

ಎರಡುಮಕ್ಕಳಮ್ಮ
ಎರಡೂ ಇರಬಹುದು. ಒಂದು ಲೋಟ ಕೊಟ್ಟರೆ ಹಾಸಿಗೆ ಒದ್ದೆಯಾಗುತ್ತದೆ, ಅದೇ ಚಿಂತೆ.

ಪುಸ್ತಕದಹುಳು
ಸಂಜೆಯೊಳಗೆ ದಿನದ ನೀರು ಬಹುಪಾಲು ಮುಗಿಯುವ ಹಾಗೆ ನೋಡಿಕೊಳ್ಳಿ, ರಾತ್ರಿ ಎರಡು ಗುಟುಕು ಸಾಕು. ಕೆಲವು ಮಕ್ಕಳಿಗೆ ರಾತ್ರಿಯ ವ್ಯಾಸೊಪ್ರೆಸಿನ್ ಏರುವುದು ತಡವಾಗಿ ಶುರುವಾಗುತ್ತದೆ, ಅದು ಮಗುವಿನ ತಪ್ಪಲ್ಲ. ಡಾಕ್ಟರು ಡೆಸ್ಮೊಪ್ರೆಸಿನ್ ಎಂಬ ಮಾತ್ರೆ ಕೊಟ್ಟರೆ ಒಂದು ವಿಷಯ ಗಮನದಲ್ಲಿ ಇರಲಿ. ಅದು ನೀರನ್ನು ಒಳಗೇ ಹಿಡಿದಿಡುತ್ತದೆ. ಅದರ ಮೇಲೆ ಜಾಸ್ತಿ ನೀರು ಕುಡಿದರೆ ಓಟಗಾರ ಹೇಳಿದ ಸೋಡಿಯಂ ತೊಂದರೆ ಬರುತ್ತದೆ.

ಎಚ್ಚರಿಕೆಗಂಟೆ
ಉಪ್ಪಿನ ಮಾತಿಗೆ ವಾಪಸ್ ಬರುತ್ತೇನೆ. ರಾತ್ರಿ ಏಳುವವರಿಗೆ ಇದು ಉಪಯೋಗ ಆಗಬಹುದು. ಜಪಾನಿನ ನಾಗಸಾಕಿಯ ಸಂಶೋಧಕರು ಉಪ್ಪು ಜಾಸ್ತಿ ತಿನ್ನುವ, ನಿದ್ದೆ ಸರಿಯಿಲ್ಲದ ಜನರಿಗೆ ಉಪ್ಪು ಇಳಿಸಲು ಹೇಳಿ ನೋಡಿದರು. 2017ರಲ್ಲಿ ವರದಿಯಾಯಿತು. ದಿನಕ್ಕೆ 10.7 ಗ್ರಾಂನಿಂದ 8 ಗ್ರಾಂಗೆ ಇಳಿಸಿದವರಲ್ಲಿ ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4ಕ್ಕೆ ಇಳಿಯಿತು. ನೀರು ಬಿಡುವುದಕ್ಕಿಂತ ಉಪ್ಪು ಬಿಡುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಉಪ್ಪು ಕಮ್ಮಿಯಾದರೆ ದಾಹವೂ ಕಮ್ಮಿ.

ಕಂಬಳಿ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ರಾತ್ರಿ ತಣ್ಣೀರು ಕುಡಿಯಬೇಕಾ, ಬಿಸಿನೀರಾ?

ಓಟಗಾರ
ಯಾವುದಾದರೂ ಸರಿ. ತಣ್ಣೀರಿಗೆ ದಾಹ ಬೇಗ ಇಳಿದ ಹಾಗೆ ಅನಿಸುತ್ತದೆ. ಹಾಗಾಗಿ ಸಾಕಷ್ಟು ಕುಡಿಯುವ ಮುಂಚೆಯೇ ಲೋಟ ಕೆಳಗಿಡುವ ಸಾಧ್ಯತೆ ಇದೆ, ಅಷ್ಟೇ.

ಸಕ್ಕರೆಲೆಕ್ಕ
ಇಷ್ಟು ಹೊತ್ತಾದರೂ ಯಾರೂ ಇದನ್ನು ಹೇಳಲಿಲ್ಲವಲ್ಲ ಎಂದು ಬೇಸರವಾಗುತ್ತಿದೆ. "ಎಷ್ಟು ಕುಡಿದರೂ ದಾಹ" ಎಂದು ಮುಂಜಾವು ಬರೆದಿದ್ದಾರೆ. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ.

ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿ ಪದೇ ಪದೇ ಏಳಬೇಕಾಗುತ್ತದೆ, ನಿದ್ದೆ ಐದು ಗಂಟೆಗೆ ಇಳಿಯುತ್ತದೆ, ಹಗಲು ದಾಹ. ಹೊರಗಿನಿಂದ ನೋಡಿದರೆ ನಿದ್ದೆ ಕಮ್ಮಿಯಾಗಿ ಬಾಯಾರಿಕೆ ಆದ ಹಾಗೇ ಕಾಣುತ್ತದೆ. ನನ್ನ ಅಣ್ಣನಿಗೆ ಹೀಗೇ ಆಯಿತು. ಕೆಲಸ ಜಾಸ್ತಿ, ನಿದ್ದೆ ಇಲ್ಲ, ಅದಕ್ಕೇ ಎಂದು ತಿಂಗಳುಗಟ್ಟಲೆ ತಳ್ಳಿದ. ಬಟ್ಟೆ ಸಡಿಲವಾಗಿ ಬೆಲ್ಟ್‌ಗೆ ಹೊಸ ತೂತು ಹೊಡೆಸಿದ ಮೇಲೆ ಅತ್ತಿಗೆ ಎಳೆದುಕೊಂಡು ಹೋದರು.

ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಮೇಲೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಶೇಕಡಾ 6.5 ಅಥವಾ ಅದಕ್ಕಿಂತ ಮೇಲೆ ಬಂದರೆ ಮಧುಮೇಹ. ಒಂದು ಸಲ ಬಂದರೆ ಸಾಮಾನ್ಯವಾಗಿ ಮತ್ತೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ.

ಮುಂಜಾವು
ಸಕ್ಕರೆಲೆಕ್ಕ ಅವರೇ, ಕಾಳಜಿಗೆ ತುಂಬಾ ಧನ್ಯವಾದ. ಚೆನ್ನಾಗಿ ಮಲಗಿದ ದಿನ ನನಗೆ ದಾಹ ಸಹಜವಾಗಿಯೇ ಇರುತ್ತದೆ. ಆದರೂ ಪರೀಕ್ಷೆ ಮಾಡಿಸುತ್ತೇನೆ, ಅಪ್ಪನಿಗೆ ಮಧುಮೇಹ ಇದೆ. ಡಾಕ್ಟರ ಹತ್ತಿರ ಹೋಗುವಾಗ ಏನೇನು ಹೇಳಬೇಕು? ಎದುರಿಗೆ ಕೂತರೆ ಅರ್ಧ ಮರೆತುಹೋಗುತ್ತದೆ.

ಜೀವಕೋಶ
ನಿದ್ದೆ ಸರಿಯಾದ ದಿನ ದಾಹ ಇಲ್ಲ ಎನ್ನುವುದು ಒಳ್ಳೆ ಸೂಚನೆ. ಮಧುಮೇಹದಲ್ಲಿ ಸಾಮಾನ್ಯವಾಗಿ ಹೀಗೆ ದಿನ ನೋಡಿ ಬಂದುಹೋಗುವುದಿಲ್ಲ. ಆದರೂ ಮಾಡಿಸುವುದೇ ಸರಿ, ಅದರಲ್ಲೂ ಅಪ್ಪನಿಗೆ ಇರುವಾಗ.

ಸಂಶಯಪ್ರಾಣಿ
ಮೂರು ದಿನ ಬರೆದಿಡಿ ಮುಂಜಾವು. ಯಾವ ಹೊತ್ತಿಗೆ ಎಷ್ಟು ಕುಡಿದಿರಿ, ಯಾವ ಹೊತ್ತಿಗೆ ಎಷ್ಟು ಮೂತ್ರ ಹೋಯಿತು, ಅಳತೆ ಪಾತ್ರೆ ಒಂದು ಇಟ್ಟುಕೊಳ್ಳಿ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ರಾತ್ರಿ ಎದ್ದರೆ ಯಾಕೆ ಎದ್ದಿರಿ ಎನ್ನುವುದೂ ಬೇಕು. ಮೂತ್ರಕ್ಕೆ ಎಚ್ಚರವಾಯಿತೋ, ಎಚ್ಚರವಾದ್ದಕ್ಕೆ ಹೋದಿರೋ, ಅದು ಮುಖ್ಯ. ಕಾಫಿ, ಟೀ ಬೇರೆ ಬರೆಯಿರಿ. ಆ ಮೂರರಲ್ಲಿ ಒಂದಾದರೂ ಕಮ್ಮಿ ಮಲಗಿದ ದಿನ ಇರಲಿ, ಒಂದು ಚೆನ್ನಾಗಿ ಮಲಗಿದ ದಿನ ಇರಲಿ.

ಹಲ್ಲಿನಡಾಕ್ಟರು
ನುಂಗುವ ಮಾತ್ರೆಗಳ ಪಟ್ಟಿಯನ್ನೂ ಅದೇ ಹಾಳೆಯ ಹಿಂದೆ ಬರೆದುಕೊಳ್ಳಿ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದದ್ದನ್ನೂ ಸೇರಿಸಿ. ಅದನ್ನೇ ಎಲ್ಲರೂ ಹೇಳದೆ ಬಿಡುವುದು.